ನಾಯಿಗೆ ಆಪರೇಷನ್ ಮಾಡಿಸ್ತೀರಾ? ಮೊದಲು ರಕ್ತ ಪರೀಕ್ಷೆ ಕೇಳಿ

ಮನೆಯ ಹೆಣ್ಣು ನಾಯಿಗೆ ಮರಿಯಾಗದ ಹಾಗೆ ಆಪರೇಷನ್ ಮಾಡಿಸಬೇಕು ಅಂತಿರುವವರು ದಯವಿಟ್ಟು ಇದನ್ನು ಓದಿ. ರಕ್ತ ಪರೀಕ್ಷೆ ಇಲ್ಲದೆ ಅರಿವಳಿಕೆ ಕೊಡುವ ಕ್ಲಿನಿಕ್ಕಿಗೆ ನಾಯಿಯನ್ನು ಒಪ್ಪಿಸಬೇಡಿ. ನಮ್ಮ ಕೆಂಪಿ ಅದೇ ಕಾರಣಕ್ಕೆ ಸಾವಿನ ಬಾಯಿಗೆ ಹೋಗಿ ಬಂದಿದ್ದಾಳೆ.

ಕೆಂಪಿ ನಾಡ ನಾಯಿ, ನಮ್ಮ ಬೀದಿಯಲ್ಲೇ ಹುಟ್ಟಿದವಳು. ಆಪರೇಷನ್‌ಗೆ ಮುಂಚಿನ ವಾರ ಅನ್ನ ಅರ್ಧಕ್ಕೇ ಬಿಡುತ್ತಿದ್ದಳು. ಕಿವಿಯ ಹಿಂದೆ ಉಣ್ಣಿಯೂ ಸಿಕ್ಕಿತ್ತು. ಎರಡನ್ನೂ ಡಾಕ್ಟರಿಗೆ ಹೇಳಿದೆ. "ಬ್ಲಡ್ ಟೆಸ್ಟ್ ಬೇಡ್ವಾ ಡಾಕ್ಟ್ರೇ?" ಅಂತಲೂ ಕೇಳಿದೆ. "ಚಿಕ್ಕ ವಯಸ್ಸು, ನಾಡ ತಳಿ ಬೇರೆ, ಗಟ್ಟಿಯಾಗಿದೆ. ಸುಮ್ನೆ ದುಡ್ಡು ದಂಡ ಮೇಡಂ" ಅಂದರು.

ಬೆಳಿಗ್ಗೆ ಆಪರೇಷನ್ ಆಯಿತು. ಮಧ್ಯಾಹ್ನ ಫೋನ್ ಮಾಡಿ "ಕರ್ಕೊಂಡು ಹೋಗಿ, ಜಾಗ ಇಲ್ಲ" ಅಂದರು. ಅವಳಿಗೆ ಇನ್ನೂ ಕತ್ತು ಎತ್ತುವುದಕ್ಕೂ ಆಗುತ್ತಿರಲಿಲ್ಲ. ಹೊಲಿಗೆ ನೆಕ್ಕದ ಹಾಗೆ ಕುತ್ತಿಗೆಗೆ ಹಾಕುವ ಕೋನ್ ಕೂಡ ಕೊಡಲಿಲ್ಲ. ಮನೆಗೆ ಬಂದ ಮೇಲೆ ಕಿವಿ, ಪಾದ ತಣ್ಣಗಾಗುತ್ತಾ ಬಂದವು. ಹೊಲಿಗೆಯಿಂದ ರಕ್ತ ಜಿನುಗುತ್ತಲೇ ಇತ್ತು. ಫೋನ್ ಮಾಡಿದರೆ "ಇಂಜೆಕ್ಷನ್ ಇಳೀತಾ ಇದೆ, ಮಲಗಲಿ ಬಿಡಿ" ಅನ್ನುವ ಉತ್ತರ. ಮತ್ತೆ ಮಾಡಿದಾಗ ಕಾಂಪೌಂಡರ್ ಎತ್ತಿಕೊಂಡು, ನಾಳೆ ಬನ್ನಿ ಅಂದ.

ಅವಳನ್ನು ಉಳಿಸಿದ್ದು ಪಕ್ಕದ ಮನೆಯ ಆಂಟಿ. ಎಷ್ಟೋ ವರ್ಷದಿಂದ ನಾಯಿ ಸಾಕಿದವರು. ಬಂದವರೇ ಕೆಂಪಿಯ ತುಟಿ ಮೇಲೆತ್ತಿದರು. ಒಸಡು ಸುಣ್ಣ ಬಳಿದ ಹಾಗೆ ಬೆಳ್ಳಗಿತ್ತು. ಬೆರಳಿಂದ ಒತ್ತಿ ಬಿಟ್ಟರೆ ಬಣ್ಣ ತಿರುಗಿ ಬರಲೇ ಇಲ್ಲ. ಆರೋಗ್ಯವಾಗಿರುವ ನಾಯಿಗೆ ಒಸಡು ಗುಲಾಬಿ ಬಣ್ಣ ಇರುತ್ತದೆ, ಒತ್ತಿ ಬಿಟ್ಟ ಮೇಲೆ ಎರಡು ಸೆಕೆಂಡಿನೊಳಗೆ ಆ ಬಣ್ಣ ವಾಪಸ್ ಬರಬೇಕು. "ಒಳಗೆ ರಕ್ತ ಹೋಗ್ತಿದೆ ಕಣಮ್ಮಾ, ಏಳು, ಕಾರು ತೆಗಿ" ಅಂದರು.

ರಾತ್ರಿಯೂ ತೆರೆದಿರುವ ಬೇರೆ ಆಸ್ಪತ್ರೆಗೆ ಓಡಿದೆವು. ಅಲ್ಲಿನ ಡಾಕ್ಟರು ಕೂದಲು ಬೋಳಿಸಿದ್ದ ಹೊಟ್ಟೆಯನ್ನು ಟಾರ್ಚ್ ಹಾಕಿ ತೋರಿಸಿದರು. ಚರ್ಮದ ಮೇಲೆಲ್ಲ ಸಾಸಿವೆಗಿಂತ ಚಿಕ್ಕ ಕೆಂಪು ಚುಕ್ಕೆಗಳು. ರಕ್ತ ಪರೀಕ್ಷೆಯಲ್ಲಿ ಪ್ಲೇಟ್‌ಲೆಟ್ 40 ಸಾವಿರದ ಆಸುಪಾಸು ಬಂತು. ನಾಯಿಗೆ ಸಾಮಾನ್ಯವಾಗಿ ಎರಡು ಲಕ್ಷದ ಮೇಲಿರಬೇಕು. ಅವಳಿಗಿದ್ದದ್ದು ಉಣ್ಣಿ ಜ್ವರ, ಎರ್ಲಿಕಿಯಾ. ಉಣ್ಣಿ ಕಚ್ಚಿ ಹರಡುವ ಈ ಕಾಯಿಲೆಯಲ್ಲಿ ಪ್ಲೇಟ್‌ಲೆಟ್ ಕುಸಿಯುತ್ತದೆ, ರಕ್ತ ಸರಿಯಾಗಿ ಹೆಪ್ಪುಗಟ್ಟುವುದಿಲ್ಲ. ಅಂಥ ನಾಯಿಯ ಹೊಟ್ಟೆ ಕೊಯ್ದಿದ್ದರು! ಹೊಟ್ಟೆ ಬೋಳಿಸಿದಾಗ ಆ ಚುಕ್ಕೆಗಳು ಅವರ ಕಣ್ಣಿಗೆ ಬೀಳಲಿಲ್ಲವೇ ಅನ್ನುವ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ಆಂಟಿ ಮನೆಯ ಲ್ಯಾಬ್ರಡಾರ್ ರಕ್ತ ಕೊಟ್ಟಿತು. ರಕ್ತ ಕೊಡುವ ನಾಯಿ ದಷ್ಟಪುಷ್ಟವಾಗಿರಬೇಕು, ಲಸಿಕೆ ಎಲ್ಲ ಆಗಿರಬೇಕು, ಸುಮಾರು 25 ಕೆಜಿ ಮೇಲಿರಬೇಕು. ನಿಮ್ಮ ಪರಿಚಯದಲ್ಲಿ ಅಂಥ ನಾಯಿ ಯಾರ ಮನೆಯಲ್ಲಿದೆ ಅಂತ ಮೊದಲೇ ತಿಳಿದಿಟ್ಟುಕೊಳ್ಳಿ, ರಾತ್ರಿ ಹೊತ್ತು ಹುಡುಕುವುದು ನರಕ. ಹೊಟ್ಟೆಗೆ ಬಿಗಿಯಾಗಿ ಪಟ್ಟಿ ಸುತ್ತಿ ನಿಗಾದಲ್ಲಿಟ್ಟರು. ಪುಣ್ಯಕ್ಕೆ ಮತ್ತೆ ಕೊಯ್ಯಬೇಕಾಗಲಿಲ್ಲ. ಉಣ್ಣಿ ಜ್ವರಕ್ಕೆ ಡಾಕ್ಸಿಸೈಕ್ಲಿನ್ ಅನ್ನುವ ಆಂಟಿಬಯಾಟಿಕ್ ಮಾತ್ರೆ ವಾರಗಟ್ಟಲೆ ನಡೆಯಿತು. ಈಗ ಹುಷಾರಾಗಿದ್ದಾಳೆ.

ಇದನ್ನು ಓದಿ ಆಪರೇಷನ್ನೇ ಬೇಡ ಅಂದುಕೊಳ್ಳಬೇಡಿ. ಮಾಡಿಸದೆ ಬಿಟ್ಟ ಹೆಣ್ಣು ನಾಯಿಗಳಿಗೆ ವಯಸ್ಸಾದ ಮೇಲೆ ಗರ್ಭಕೋಶದಲ್ಲಿ ಕೀವು ತುಂಬುವುದುಂಟು, ಅದೂ ಜೀವ ತೆಗೆಯುತ್ತದೆ. ಮಾಡಿಸಿ, ಆದರೆ ಕೇಳಿ ಮಾಡಿಸಿ. ಸಿಬಿಸಿ, ಅಂದರೆ ರಕ್ತಕಣಗಳ ಎಣಿಕೆ, ಜೊತೆಗೆ ಲಿವರ್ ಮತ್ತು ಕಿಡ್ನಿಯ ಪರೀಕ್ಷೆ ಆಗಲೇಬೇಕು. ನಮ್ಮ ಕಡೆ ಉಣ್ಣಿ ಕಾಟ ವರ್ಷವಿಡೀ ಇರುವುದರಿಂದ ಪ್ಲೇಟ್‌ಲೆಟ್ ಎಷ್ಟಿದೆ ಅಂತ ರಿಪೋರ್ಟಿನಲ್ಲಿ ನೀವೇ ನೋಡಿ. ನಾಯಿ ಎದ್ದು ನಿಲ್ಲುವವರೆಗೂ ಮನೆಗೆ ಕರೆತರಬೇಡಿ. ರಾತ್ರಿ ತೊಂದರೆಯಾದರೆ ಯಾರಿಗೆ ಫೋನ್ ಮಾಡಬೇಕು ಅನ್ನುವುದನ್ನು ಮುಂಚೆಯೇ ಕೇಳಿ. ಉತ್ತರ ತಡವರಿಸಿದರೆ ಬೇರೆ ಕಡೆ ಹೋಗಿ. ಖರ್ಚಿನ ಚಿಂತೆ ಇದ್ದರೆ ಬೆಂಗಳೂರಿನ ಹೆಬ್ಬಾಳ, ಹಾಸನ, ಶಿವಮೊಗ್ಗ, ಬೀದರ್‌ನ ಪಶುವೈದ್ಯಕೀಯ ಕಾಲೇಜುಗಳಲ್ಲಿ ಆಸ್ಪತ್ರೆಗಳಿವೆ, ಅಲ್ಲಿ ವಿಚಾರಿಸಿ.

ಇನ್ನೊಂದು ಮಾತು. ನೋವಿಗೆ ಅಂತ ಮನೆಯಲ್ಲಿರುವ ಪ್ಯಾರಾಸಿಟಮಾಲ್, ಐಬುಪ್ರೊಫೇನ್ ಕೊಡಲೇಬೇಡಿ, ನಾಯಿಗೆ ಅವು ವಿಷವಾಗಬಹುದು. ಹೊಲಿಗೆ ಬಿಚ್ಚುವ ತನಕ, ಅಂದರೆ 10ರಿಂದ 14 ದಿನ, ಕೋನ್ ತೆಗೆಯಬೇಡಿ, ಸ್ನಾನ ಬೇಡ, ಮೆಟ್ಟಿಲು ಹತ್ತಿಸಬೇಡಿ. ಕೊಟ್ಟ ಇಂಜೆಕ್ಷನ್‌ಗಳ ಹೆಸರನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ನಮಗೆ ಸಿಕ್ಕಿದ್ದು ಬರೀ ಮೊತ್ತ ಬರೆದ ಬಿಲ್. ಎರಡನೇ ಆಸ್ಪತ್ರೆಯ ಡಾಕ್ಟರು ಬೆಳಿಗ್ಗೆ ಯಾವ ಔಷಧಿ ಹೋಗಿದೆ ಅಂತ ಕೇಳಿದಾಗ ಹೇಳುವುದಕ್ಕೆ ನಮ್ಮ ಹತ್ತಿರ ಏನೂ ಇರಲಿಲ್ಲ, ಆ ಕ್ಲಿನಿಕ್ಕಿನವರು ಫೋನೂ ಎತ್ತಲಿಲ್ಲ.