ಅಕ್ಕನಿಗೆ ಬ್ರೆಸ್ಟ್ ಬಯಾಪ್ಸಿ ಮಾಡಿಸಿದ ಸ್ಕ್ಯಾನ್ ಸೆಂಟರ್, ಮೈಸೂರು

ಡಾಕ್ಟರ್‌ಗೆ ಐದಕ್ಕೆ ಐದು, ಬಿಲ್ಲಿಂಗ್ ಕೌಂಟರ್‌ಗೆ ಎರಡೇ. ಅಕ್ಕನ ಮ್ಯಾಮೋಗ್ರಾಮ್ (ಸ್ತನದ ಎಕ್ಸ್‌ರೇ) ರಿಪೋರ್ಟಲ್ಲಿ ಬೈರಾಡ್ಸ್ 4 ಅಂತ ಬಂದಿತ್ತು, ಅಂದ್ರೆ ಅನುಮಾನ ಇದೆ, ಚೂರು ತೆಗೆದು ಟೆಸ್ಟ್ ಮಾಡ್ಲೇಬೇಕು ಅಂತ, ಕ್ಯಾನ್ಸರೇ ಅಂತಲ್ಲ. ಆದ್ರೆ ಸೂಜಿ ಚುಚ್ಚಿದ್ರೆ ಗಂಟು ಕೆರಳಿ ಮೈಯೆಲ್ಲಾ ಹರಡುತ್ತೆ ಅಂತ ನೆಂಟರು ಹೆದರಿಸಿಬಿಟ್ಟಿದ್ರು. ಇಲ್ಲಿನ ರೇಡಿಯಾಲಜಿಸ್ಟ್ ಮೇಡಂ ಕೂರಿಸ್ಕೊಂಡು ಹೇಳಿದ್ರು, ಹಾಗೆ ಹರಡುತ್ತೆ ಅನ್ನೋ ಭಯ ಬೇಡಮ್ಮ, ಏನೂ ನೋಡದೆ ಆಪರೇಷನ್ ಮಾಡಿ ಗಂಟು ತೆಗೆದು ಆಮೇಲೆ ಕ್ಯಾನ್ಸರ್ ಅಂತ ಗೊತ್ತಾದ್ರೆ ಮತ್ತೆ ಕೊಯ್ಯಬೇಕಾಗಬಹುದು, ಅದಕ್ಕೇ ಮೊದಲು ಸೂಜಿ ಅಂತ. ಇದು ಎಲ್ಲಾ ಹೆಣ್ಮಕ್ಕಳಿಗೂ ಗೊತ್ತಿರಬೇಕಾದ ಮಾತು.

ಅಲ್ಟ್ರಾಸೌಂಡ್ ನೋಡ್ಕೊಂಡೇ ಮಾಡಿದ್ರು. ಮರಗಟ್ಟೋ ಇಂಜೆಕ್ಷನ್ ಸ್ವಲ್ಪ ಉರಿಯುತ್ತೆ, ಆಮೇಲೆ ಒತ್ತಿದ ಹಾಗಿರುತ್ತೆ ಅಷ್ಟೇ ಅಂದ್ಲು ಅಕ್ಕ. ಬಯಾಪ್ಸಿ ಗನ್ ಸ್ಟೇಪ್ಲರ್ ಥರ ಟಪ್ ಅಂತ ಸದ್ದು ಮಾಡುತ್ತೆ, ಬೆಚ್ಚಿಬೀಳಬಾರದು ಅಂತ ಮೇಡಂ ಮೊದಲೇ ಗಾಳಿಯಲ್ಲಿ ಒಂದು ಸಲ ಹೊಡೆದು ಕೇಳಿಸಿದ್ರು, ಅದು ನಂಗೆ ತುಂಬಾ ಇಷ್ಟ ಆಯ್ತು. ನೂಲಿನೆಳೆ ಥರ ಚೂರುಗಳನ್ನ ಕೆಡದ ಹಾಗೆ ಫಾರ್ಮಲಿನ್ ಅನ್ನೋ ದ್ರಾವಣದ ಬಾಟಲಿಗೆ ಹಾಕ್ತಾರೆ, ಬರೀ ಕೊಬ್ಬಾದ್ರೆ ತೇಲುತ್ತಂತೆ, ಅಕ್ಕಂದು ಮುಳುಗಿದ್ದನ್ನ ತೋರಿಸಿದ್ರು. ಬಾಟಲಿ ಮೇಲೆ ಹೆಸರು, ಎಡನಾ ಬಲನಾ ಅಂತ ಎದುರಿಗೇ ಓದಿಸಿದ್ರು. ಹೊಲಿಗೆ ಇಲ್ಲ, 10 ನಿಮಿಷ ಗಟ್ಟಿಯಾಗಿ ಅದುಮಿ ಹಿಡಿದು ಪ್ಲಾಸ್ಟರ್ ಹಾಕಿದ್ರು. ಒಂದಿನ ಭಾರ ಎತ್ತಬೇಡಿ ಅಂದ್ರು, ನೋವಿಗೆ ಪ್ಯಾರಾಸಿಟಮಾಲ್ ಸಾಕಾಯ್ತು, ಕಪ್ಪುಗಟ್ಟಿದ್ದು ತಾನಾಗೇ ಹೋಯ್ತು.

ಈಗ ತಕರಾರು. ಬುಕಿಂಗ್ ಮಾಡುವಾಗ ರಕ್ತ ತೆಳು ಮಾಡೋ ಮಾತ್ರೆ ತಗೋತೀರಾ ಅಂತ ಕೇಳ್ಲೇ ಇಲ್ಲ, ತಗೊಳ್ಳೋರು ನೀವೇ ಮೊದಲು ಹೇಳಿ, ನಿಮ್ಮಷ್ಟಕ್ಕೆ ನಿಲ್ಲಿಸ್ಬೇಡಿ. ಲ್ಯಾಬ್ ಚಾರ್ಜ್ ಬೇರೆ ಅಂತ ದುಡ್ಡು ಕಟ್ಟಿದ ಮೇಲೆ ಹೇಳಿದ್ರು, ಕ್ಯಾನ್ಸರ್ ಅಂತ ಬಂದ್ರೆ ಯಾವ ಚಿಕಿತ್ಸೆ ಹೊಂದುತ್ತೆ ಅಂತ ನೋಡೋಕೆ ಮಾಡೋ ಇಆರ್, ಪಿಆರ್, ಹರ್2 ಟೆಸ್ಟ್‌ಗಳಿಗೆ ಇನ್ನೂ ಬೇರೆಯಂತೆ, ಈ ಟೈಮಲ್ಲಿ ಮನೆಯವರಿಗೆ ಹೀಗೆ ಮಾಡಬಾರದು. ಇನ್ನೊಂದು, ಮ್ಯಾಮೋಗ್ರಾಮಲ್ಲಿ ಮಾತ್ರ ಕಾಣೋ ಸುಣ್ಣದ ಕಣಗಳಿಗೆ ಎಕ್ಸ್‌ರೇಲಿ ಜಾಗ ನೋಡ್ಕೊಂಡು ಸೂಜಿ ಹಾಕೋ ಸ್ಟೀರಿಯೋಟ್ಯಾಕ್ಟಿಕ್ ಮಷೀನ್ ಬೇಕು, ಅದು ಇಲ್ಲಿಲ್ಲ, ಫೋನ್ ಮಾಡಿ ಕೇಳ್ಕೊಂಡೇ ಹೋಗಿ.

ಫೈಬ್ರೋಅಡಿನೋಮಾ, ಅಂದ್ರೆ ಕ್ಯಾನ್ಸರ್ ಅಲ್ಲದ ಗಂಟು ಅಂತ ಬಂತು ದೇವ್ರ ದಯೆಯಿಂದ. ಆದ್ರೆ ರಿಪೋರ್ಟ್ ಕೈಗೆ ಬಂತು ಅಂತ ಎದ್ದು ಬರಬೇಡಿ, ಸ್ಕ್ಯಾನಲ್ಲಿ ಕಂಡಿದ್ದಕ್ಕೂ ಇದಕ್ಕೂ ತಾಳೆ ಆಗುತ್ತಾ ಅಂತ ಕೇಳಿ, ಆಗದಿದ್ರೆ ಮತ್ತೆ ಚೂರು ತೆಗೀಬೇಕಾಗುತ್ತೆ. ಮೇಡಂ ಅದನ್ನ ತಾವೇ ನೋಡಿ, ತಾಳೆ ಆಗುತ್ತೆ ಅಂತ ಬರೆದು, 6 ತಿಂಗಳಿಗೆ ಇನ್ನೊಂದು ಸ್ಕ್ಯಾನ್‌ಗೆ ಬರೋಕೆ ಹೇಳಿದ್ದಾರೆ.