ಮಧ್ಯಾಹ್ನ ಮಗು ನೋಡಿಕೊಳ್ಳೋಕೆ ಯಾರು? ಏಜೆನ್ಸಿ, ಡೇಕೇರ್, ಪಕ್ಕದ ಬೀದಿಯ ಅಕ್ಕ

ನಮಗೆ ಇಬ್ಬರು ಮಕ್ಕಳು. ದೊಡ್ಡವನಿಗೆ ನಾಲ್ಕು ವರ್ಷ, ಚಿಕ್ಕವಳಿಗೆ ಒಂದೂವರೆ. ನನ್ನ 26 ವಾರದ ಹೆರಿಗೆ ರಜೆ ಮುಗಿದ ಮೇಲೆ ಅಮ್ಮ, ಅತ್ತೆ ಸರದಿ ಮೇಲೆ ಬಂದು ನಿಂತರು. ಅವರಿಗೂ ಅವರವರ ಮನೆ ಇದೆಯಲ್ವಾ? ಅವರು ಊರಿಗೆ ಹೊರಟ ಮೇಲೆ ಹನ್ನೆರಡರಿಂದ ಐದರವರೆಗೆ ಯಾರಾದರೂ ಬೇಕೇಬೇಕಾಯಿತು.

ಮೊದಲು ಏಜೆನ್ಸಿಗೆ ಹೋದೆವು. ಒಂದು ತಿಂಗಳ ಸಂಬಳದಷ್ಟು ಕಮಿಷನ್ ಮುಂಗಡವಾಗಿ ಕೊಟ್ಟೆವು. ಆಧಾರ್ ಪ್ರತಿ, ಪೊಲೀಸ್ ವೆರಿಫಿಕೇಶನ್ ಎಲ್ಲ ಅವರೇ ನೋಡಿಕೊಂಡರು. ಬಂದವರು ಕೆಲಸ ಬಲ್ಲವರು. ಮಗಳಿಗೆ ಜ್ವರ ಬಂದ ದಿನ ಎಷ್ಟು ಹೊತ್ತಿಗೆ ಎಷ್ಟು ಡಿಗ್ರಿ ಇತ್ತು, ಔಷಧಿ ಯಾವಾಗ ಹಾಕಿದ್ದು ಅಂತ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದರು. ಡಾಕ್ಟರಿಗೆ ಅದನ್ನೇ ತೋರಿಸಿದೆವು. ಅಂಥ ಶಿಸ್ತು ಆಮೇಲೆ ಎಲ್ಲೂ ಸಿಗಲಿಲ್ಲ.

ಆದರೆ ನಮ್ಮ ಮನೆ ಬೆಂಗಳೂರಿನ ಕತ್ರಿಗುಪ್ಪೆಯಲ್ಲಿ, ಅವರದ್ದು ಊರಾಚೆ ನೆಲಮಂಗಲದ ಕಡೆ. 2023ರಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರಿಗೆ ಬಸ್ ಚಾರ್ಜಿನ ಚಿಂತೆ ಇಲ್ಲ, ನಿಜ. ಟ್ರಾಫಿಕ್ ಮಾತ್ರ ಹಾಗೇ ಇದೆ. ಐದು ಗಂಟೆಯ ಕೆಲಸಕ್ಕೆ ಓಡಾಟದಲ್ಲೇ ಅರ್ಧ ದಿನ ಕಳೆದರೆ ಯಾರು ತಾನೇ ನಿಲ್ಲುತ್ತಾರೆ? ಪೂರ್ತಿ ದಿನದ ಕೆಲಸ ಸಿಕ್ಕ ಕೂಡಲೇ ಹೊರಟರು. ಅವರದ್ದೇನೂ ತಪ್ಪಿಲ್ಲ. ನನಗೆ ಬೇಜಾರಾಗಿದ್ದು ಏಜೆನ್ಸಿ ಮೇಲೆ. ಬದಲಿ ಜನ ಕೊಡುತ್ತೇವೆ ಅಂತ ಹೇಳಿದ್ದರು, ಕೊಟ್ಟರೂ ಕೂಡ. ಆದರೆ ದೂರ ಎಷ್ಟು ಅಂತ ಈ ಸಲವೂ ಯಾರೂ ಕೇಳಿರಲಿಲ್ಲ. ಹೊಸ ಮುಖ ನೋಡಿ ಮಗಳು ಬಾಗಿಲ ಹತ್ತಿರವೇ ಕೂತು ಅತ್ತಳು.

ಡೇಕೇರ್ ದೊಡ್ಡವನಿಗೆ ಹಿಡಿಸಿತು. ಜೊತೆಗೆ ಮಕ್ಕಳಿರುತ್ತಾರೆ, ಯಾರೋ ಒಬ್ಬರು ರಜೆ ಹಾಕಿದರೂ ಬಾಗಿಲು ತೆರೆದಿರುತ್ತದೆ. ಚಿಕ್ಕವಳಿಗೆ ಮಾತ್ರ ನೆಗಡಿ ಬಿಡಲೇ ಇಲ್ಲ. ಮೈ ಸ್ವಲ್ಪ ಬಿಸಿಯಾದರೂ ಕರೆದುಕೊಂಡು ಹೋಗಿ ಅಂತ ಫೋನ್ ಬರುತ್ತಿತ್ತು. ಬೇರೆ ಮಕ್ಕಳ ದೃಷ್ಟಿಯಿಂದ ಅದು ಸರಿಯೇ. ಆದರೆ ನಮಗೆ ಸಹಾಯ ಬೇಕಾಗಿದ್ದೂ ಅಂಥ ದಿನವೇ. ಅಂಗನವಾಡಿಯನ್ನೂ ವಿಚಾರಿಸಿದೆವು. ಮೂರು ತುಂಬಿದ ಮಕ್ಕಳಿಗೆ ಒಳ್ಳೆಯದು, ಖರ್ಚಿಲ್ಲ, ಆದರೆ ಐದರವರೆಗೆ ಇಟ್ಟುಕೊಳ್ಳುವುದಿಲ್ಲ.

ಕೊನೆಗೆ ಸಿಕ್ಕಿದ್ದು ಪಕ್ಕದ ಬೀದಿಯ ಅಕ್ಕ. ತರಕಾರಿ ಗಾಡಿಯವರು ಹೇಳಿದ್ದು. ಯಾವ ಟ್ರೇನಿಂಗೂ ಇಲ್ಲ, ಇಬ್ಬರು ಮಕ್ಕಳನ್ನು ಬೆಳೆಸಿದ ಕೈ. ಊಟಕ್ಕೆ ಮೊಬೈಲ್ ಕೇಳಲೇ ಇಲ್ಲ. ಬಿಸಿ ಅನ್ನಕ್ಕೆ ತುಪ್ಪ, ತಿಳಿಸಾರು ಹಾಕಿ ಬೆರಳಲ್ಲೇ ನುಣ್ಣಗೆ ಕಿವುಚಿ, ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಕಾಂಪೌಂಡ್ ಹತ್ತಿರ ನಿಲ್ಲುತ್ತಾರೆ. ಅಳಿಲು ಬಂದಾಗ ಒಂದು ತುತ್ತು, ಓಡಿದಾಗ ಇನ್ನೊಂದು. ಬಟ್ಟಲು ಖಾಲಿ! ಮಳೆ ಬಂದರೂ ಕೊಡೆ ಹಿಡಿದು ನಡೆದೇ ಬರುತ್ತಾರೆ. ಔಷಧಿ ಹೊತ್ತು ಬರೆದಿಡುವ ಅಭ್ಯಾಸ ಇಲ್ಲ, ಅದಕ್ಕೆ ಫ್ರಿಜ್ ಮೇಲೆ ಚೀಟಿ ಅಂಟಿಸಿದ್ದೇವೆ. ವೆರಿಫಿಕೇಶನ್‌ಗೆ ನಾವೇ ಓಡಾಡಿದೆವು. ಗುರುತಿನವರು ಅಂತ ಸುಮ್ನೆ ಬಿಡಬೇಡಿ.

ಅರ್ಧ ದಿನಕ್ಕಾದರೆ ನನ್ನ ಆಯ್ಕೆ ನಡೆದು ಬರುವಷ್ಟು ಹತ್ತಿರದವರೇ. ಪೂರ್ತಿ ದಿನಕ್ಕೋ, ಹಸುಗೂಸಿಗೋ ಆದರೆ ಏಜೆನ್ಸಿಯ ತರಬೇತಿ ಪಡೆದವರನ್ನೇ ನೋಡಿ.

ಹತ್ತಿರದವರು ಅಂತ ಕಡಿಮೆಗೆ ಚೌಕಾಸಿ ಮಾಡುವುದು ನನಗೆ ಒಂಚೂರೂ ಹಿಡಿಸುವುದಿಲ್ಲ. ಕರ್ನಾಟಕದಲ್ಲಿ ಮನೆಗೆಲಸಕ್ಕೆ 2004ರಲ್ಲೇ ಕನಿಷ್ಠ ವೇತನ ನಿಗದಿ ಮಾಡಿದ್ದಾರೆ. ಮಗು ನೋಡಿಕೊಳ್ಳೋದು ಅದಕ್ಕಿಂತ ಜಾಸ್ತಿ ಜವಾಬ್ದಾರಿಯ ಕೆಲಸ. ಏಜೆನ್ಸಿಗೆ ಕೊಡುತ್ತಿದ್ದ ಕಮಿಷನ್ ದುಡ್ಡನ್ನು ನಾವು ಅಕ್ಕನ ಸಂಬಳಕ್ಕೇ ಸೇರಿಸಿದೆವು. ವಾರದ ರಜೆಗೆ, ಹಬ್ಬಕ್ಕೆ ಊರಿಗೆ ಹೋದ ದಿನಗಳಿಗೆ ಸಂಬಳ ಹಿಡಿಯುವುದಿಲ್ಲ. ಮಗು ಮಲಗಿದಾಗ ಪಾತ್ರೆ ತೊಳೆಯಿರಿ ಅಂತ ಹೇಳುವುದಿಲ್ಲ, ಆ ಹೊತ್ತಲ್ಲಿ ಅವರೂ ಊಟ ಮಾಡಬೇಕು. ಅವರು ಊರಿಗೆ ಹೋದಾಗ ಚಿಕ್ಕವಳನ್ನು ಅಣ್ಣನ ಜೊತೆ ಡೇಕೇರ್‌ಗೆ ಬಿಡುತ್ತೇವೆ. ಅಲ್ಲಿ ದಿನದ ಲೆಕ್ಕದಲ್ಲೂ ತೆಗೆದುಕೊಳ್ಳುತ್ತಾರೆ, ಎರಡು ದಿನ ಮುಂಚೆ ಹೇಳಿದರೆ ಸಾಕು.