ಮಲ್ಪೆಯೋ, ಗೋಕರ್ಣವೋ? ಮೇ ತಿಂಗಳ ಮಧ್ಯಾಹ್ನ ಎಲ್ಲಿ ಕಳೆಯೋದು

ಹೋದ ವರ್ಷ ಮೇನಲ್ಲಿ ಮಲ್ಪೆಗೆ ಹೋಗಿದ್ದೆವು, ಈ ವರ್ಷ ಗೋಕರ್ಣಕ್ಕೆ. ಎರಡು ಸಲವೂ ನಾಲ್ಕು ದಿನ, ಅದೇ ಐದು ಜನ. ನಾವಿಬ್ಬರು, ಇಬ್ಬರು ಮಕ್ಕಳು, ಮಂಡಿ ನೋವಿರುವ ಅತ್ತೆ. ರೈಲೂ ಒಂದೇ, ಬೆಂಗಳೂರಿನಿಂದ ಕಾರವಾರಕ್ಕೆ ಹೋಗುವ ಪಂಚಗಂಗಾ. ಉಡುಪಿಯಲ್ಲಿ ಇಳಿದರೆ ಮಲ್ಪೆ. ಇನ್ನೊಂದಿಷ್ಟು ಹೊತ್ತು ನಿದ್ದೆ ಮಾಡಿದರೆ ಗೋಕರ್ಣ ರೋಡ್.

ಸಮುದ್ರ ಎರಡು ಕಡೆಯೂ ಚೆಂದ. ಆದರೆ ಮೇನಲ್ಲಿ ಬೆಳಗ್ಗೆ ಹತ್ತಕ್ಕೆಲ್ಲ ಮರಳು ಕಾಲು ಸುಡುತ್ತೆ. ಅಲ್ಲಿಂದ ಸಂಜೆ ನಾಲ್ಕೂವರೆವರೆಗೆ ಮಕ್ಕಳನ್ನು ಇಟ್ಟುಕೊಂಡು ಏನು ಮಾಡೋದು? ನಾನು ಎರಡೂ ಊರನ್ನು ಅಳೆದಿದ್ದು ಇದರಿಂದಲೇ.

ನೀರಾಟಕ್ಕೆ ಮಲ್ಪೆಯೇ ವಾಸಿ. ಉದ್ದಕ್ಕೆ ಸಪಾಟಾದ ಮರಳು, ಆಟೋ ಹತ್ತಿರದವರೆಗೂ ಹೋಗುತ್ತೆ. ಅತ್ತೆ ಕುರ್ಚಿ ಹಾಕಿಕೊಂಡು ಕೂತೇ ಮೊಮ್ಮಕ್ಕಳ ಮೇಲೆ ಕಣ್ಣಿಟ್ಟಿದ್ದರು. ಬೆಳಗ್ಗೆ ಬಂದರಿಗೆ ಹೋದರೆ ಬುಟ್ಟಿ ಬುಟ್ಟಿ ಬಂಗುಡೆ, ಬೂತಾಯಿ ಮೀನು, ಐಸ್ ಪುಡಿ ಮಾಡುವ ಸದ್ದು. ಒಂದು ದಿನ ದೋಣಿಯಲ್ಲಿ ತೋನ್ಸೆಪಾರ್‌ಗೆ, ಅಂದರೆ ಸೇಂಟ್ ಮೇರಿಸ್ ದ್ವೀಪಕ್ಕೆ ಹೋದೆವು. ಅಲ್ಲಿನ ಕಂಬದಂಥ ಕಲ್ಲುಗಳು ಮಡಗಾಸ್ಕರ್ ನಮ್ಮ ನೆಲದಿಂದ ಬೇರೆಯಾದ ಕಾಲದ ಲಾವಾ, ಸುಮಾರು 8.8 ಕೋಟಿ ವರ್ಷ ಹಳೆಯದು ಅಂದಾಗ ಮಗಳು ಕಲ್ಲಿನ ಮೇಲಿಂದ ಕೈ ತೆಗೆಯಲೇ ಇಲ್ಲ. ಮಧ್ಯಾಹ್ನಕ್ಕೆ ಉಡುಪಿ ಇದೆ, ಬಸ್ಸಲ್ಲಿ ಸ್ವಲ್ಪವೇ ದೂರ. ಕಿಂಡಿಯಲ್ಲಿ ಕೃಷ್ಣನ ದರ್ಶನ, ಮಠದ ಊಟ, ಆಮೇಲೆ ಗಡ್‌ಬಡ್ ಐಸ್‌ಕ್ರೀಮ್. ಆದರೆ ಮಾರನೇ ದಿನ? ರೂಮಿನಲ್ಲಿ ಏಸಿ ಹಾಕಿಕೊಂಡು ಟಿವಿ ನೋಡಿದೆವು. ಅದಕ್ಕಾಗಿ ಅಷ್ಟು ದೂರ ಹೋಗಬೇಕಿತ್ತಾ ಅಂತ ನನಗೆ ನಿಜವಾಗಿ ಬೇಜಾರಾಯ್ತು.

ಗೋಕರ್ಣದಲ್ಲಿ ನೀರು ನಂಬೋ ಹಾಗಿಲ್ಲ. ಕುಡ್ಲೆ ಬೀಚಿನಲ್ಲಿ ಅಲೆ ವಾಪಸ್ ಹೋಗುವಾಗ ಕಾಲಡಿಯ ಮರಳನ್ನೇ ಎಳೆದುಕೊಂಡು ಹೋಗುತ್ತೆ. ಆರು ವರ್ಷದ ಮಗನನ್ನು ಮಂಡಿ ನೀರಿನಾಚೆ ಬಿಡಲಿಲ್ಲ. ಓಂ ಬೀಚಿನ ಮೆಟ್ಟಿಲು ಅತ್ತೆಗೆ ಆಗಲಿಲ್ಲ. ಅವರ ಜೊತೆ ಊರ ಬೀಚಿಗೇ ಹೋಗುತ್ತಿದ್ದೆವು.

ಆದರೆ ಆ ಮಧ್ಯಾಹ್ನಗಳು! ನಾವಿದ್ದದ್ದು ದೇವಸ್ಥಾನದ ಹತ್ತಿರದ ಒಂದು ಹಳೇ ಮನೆ. ಚಿರೇಕಲ್ಲಿನ ಗೋಡೆ, ಹೆಂಚು, ಮುಂದೆ ತಣ್ಣಗಿನ ಜಗಲಿ. ಬೀಚಿನಿಂದ ಬಂದವರು ಬಾವಿಕಟ್ಟೆಯಲ್ಲೇ ಕೊಡ ಕೊಡ ನೀರು ಸುರಿದುಕೊಂಡು ಮರಳು ತೊಳೆಯೋದು. ಎರಡನೇ ದಿನ ಆ ಮನೆಯ ಅಮ್ಮ ಹಲಸಿನ ಹಪ್ಪಳಕ್ಕೆ ಕೂತರು. ಬೇಯಿಸಿ ಕುಟ್ಟಿದ ತೊಳೆಯ ಹಿಟ್ಟನ್ನು ಸಣ್ಣ ಉಂಡೆ ಮಾಡಿ, ಎರಡು ಪ್ಲಾಸ್ಟಿಕ್ ಹಾಳೆ ನಡುವೆ ಇಟ್ಟು, ಮಣೆಯಿಂದ ಒಂದೇ ಸಲ ಒತ್ತೋದು. “ಅತ್ಲಾಗೆ ಎರಡು ಹಾಕು, ಇತ್ಲಾಗೆ ಒಂದು ತಿನ್ನು” ಅಂತ ಅವರೇ ಹೇಳಿದ ಮೇಲೆ ಕೇಳಬೇಕೇ? ಮಗನ ಕೈಯ ಹಿಟ್ಟು ಚಾಪೆಗಿಂತ ಬಾಯಿಗೇ ಜಾಸ್ತಿ ಹೋಯಿತು. ಅತ್ತೆಗೂ ಕೂತೇ ಮಾಡುವ ಕೆಲಸ, ಮಾತಿಗೆ ಜೊತೆ ಬೇರೆ. ನಾಲ್ಕು ದಿನದಲ್ಲಿ ಯಾರೂ ಫೋನ್ ಕೇಳಲಿಲ್ಲ. ಸಂಜೆ ಮುರುಗಲು (ಕೋಕಂ) ಶರಬತ್ತು, ಅಂಕೋಲೆಯ ಇಶಾಡು ಮಾವು. ಉಡುಪಿ ಕಡೆ ಮುರುಗಲಿಗೆ ಪುನರ್ಪುಳಿ ಅನ್ನುತ್ತಾರೆ. ರುಚಿ ಎರಡು ಕಡೆಯೂ ಅದೇ.

ಮಕ್ಕಳು ತೀರಾ ಚಿಕ್ಕವರಾಗಿದ್ದರೆ, ಇಲ್ಲಾ ಎರಡೇ ದಿನ ರಜೆ ಇದ್ದರೆ ಮಲ್ಪೆಗೇ ಹೋಗಿ. ನಾಲ್ಕು ದಿನ ಸಿಕ್ಕಿದರೆ ನಾನಂತೂ ಗೋಕರ್ಣ ಅನ್ನುತ್ತೇನೆ, ಆದರೆ ಹೋಟೆಲ್ ಬೇಡ, ಜಗಲಿ ಇರುವ ಮನೆಯನ್ನೇ ಹುಡುಕಿ. ಎಲ್ಲಿಗೇ ಆದರೂ ಮೇ ಮೊದಲ ಎರಡು ವಾರದೊಳಗೆ ಹೋಗಿಬನ್ನಿ. ಮಳೆ ಹತ್ತಿರ ಬಂದ ಹಾಗೆ ಕಡಲು ಏಳುತ್ತೆ, ದ್ವೀಪದ ದೋಣಿಯೂ ನಿಲ್ಲುತ್ತೆ. ಗೋಕರ್ಣದಿಂದ ಬರುವಾಗ ಕುಮಟಾ ಹತ್ತಿರ ಹೆದ್ದಾರಿ ಬದಿಯಲ್ಲಿ ಸಿಹಿ ಈರುಳ್ಳಿಯ ಗೊಂಚಲು ತೂಗುಹಾಕಿರುತ್ತಾರೆ. ಎರಡು ಗೊಂಚಲು ತನ್ನಿ, ಒಂದು ಸಾಲಲ್ಲ.